ಕಾವಲುಕೊಂಬೆ

ಗಡಿಸಾಲು ಸವರುವ ದಿನ ಬೆಳಿಗ್ಗೆ ಲಾಸ್ಕೆಯ ಹೆಬ್ಬಾಗಿಲಲ್ಲಿ ಊರಿಗೆ ಊರೇ ನೆರೆದಿತ್ತು. ನಮ್ಮ ಕಡೆಯಿಂದ ಬಳ್ಳಿ ಸವರುವ ಇಸ್ಮೆರಾಳ ಮೇಲೆ ನಂಬಿಕೆಯಿಟ್ಟು ಬಂದವರು ಅದರಲ್ಲಿ ಒಬ್ಬರೂ ಇರಲಿಲ್ಲ. ಹೇಗೂ ಸೋಲುತ್ತಾಳೆ, ಕಣ್ಣಾರೆ ನೋಡಿಯೇ ಬಿಡೋಣ ಎಂದು ಬಾರ್ಲಿ ರೊಟ್ಟಿ, ಮೇಕೆಗಿಣ್ಣು ಗಂಟು ಕಟ್ಟಿಕೊಂಡು ಬಂದವರೇ ಎಲ್ಲ. ಸೋಲು ನೋಡುವುದಕ್ಕೂ ಹೊಟ್ಟೆ ತುಂಬಿರಬೇಕಲ್ಲ, ನಮ್ಮ ಜನ ಅಂಥವರು.

ನಮ್ಮ ಮೊರ್ವೇಲ್ ಸೀಮೆಗೂ ಆಚೆಯ ಸ್ಕಾರ್ನ್ ರಾಜ್ಯಕ್ಕೂ ನಡುವೆ ಇರುವುದು ಒಂದು ದ್ರಾಕ್ಷಿಸಾಲು, ಅಷ್ಟೇ. ಲಾಸ್ಕೆಯ ಹೆಬ್ಬಾಗಿಲಿನಿಂದ ಹೊರಟು, ಕರಡಿಗುಡ್ಡ ಹತ್ತಿ, ಆಚೆ ಬದಿಗೆ ಇಳಿದು ಅವರ ಕೋಟೆಬಾಗಿಲ ತನಕ ಹೋಗುತ್ತದೆ. ಹಿಂದೆ ಈ ಗುಡ್ಡಕ್ಕಾಗಿ ಎರಡು ಕಡೆಯವರೂ ಕಡಿದಾಡಿ, ಸತ್ತವರನ್ನು ಹೂಳಲು ಬದುಕಿದವರೇ ಸಾಲದೆ ಹೋದಾಗ, ಹಿರಿಯರಿಗೆ ಬುದ್ಧಿ ಬಂತು. ಯುದ್ಧದ ಕತ್ತಿ ಕೆಳಗಿಟ್ಟು ಬಳ್ಳಿ ಸವರುವ ಬಾಗುಗತ್ತಿ ಹಿಡಿದರು. ಅಂದಿನಿಂದ ವರ್ಷಕ್ಕೊಂದು ದಿನ, ಚಳಿ ಬಿಟ್ಟು ಬಳ್ಳಿಗಳಲ್ಲಿ ನೀರಾಡುವ ಹೊತ್ತಿಗೆ, ಆ ತುದಿಯಿಂದ ಅವರ ಸವರುಗಾರ, ಈ ತುದಿಯಿಂದ ನಮ್ಮ ಸವರುಗಾರ ಒಂದೊಂದೇ ಬಳ್ಳಿ ಸವರುತ್ತ ಬರುತ್ತಾರೆ. ಇಬ್ಬರೂ ಎದುರುಬದುರಾದ ಜಾಗದಲ್ಲಿ ದೈತ್ಯ ಓರ್ಗಲ್ ಗಡಿಕಲ್ಲು ಇಡುತ್ತಾನೆ. ಮುಂದಿನ ವರ್ಷದ ತನಕ ಅದೇ ಗಡಿ. ಸೂರ್ಯ ಮುಳುಗುವುದರೊಳಗೆ ಎದುರುಬದುರಾಗದಿದ್ದರೆ, ಹೆಚ್ಚು ಬಳ್ಳಿ ಸವರಿದವರಿಗೆ ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ. ಆದರೆ ಹಾಗಾದದ್ದನ್ನು ಕಂಡವರು ಈಗ ಯಾರೂ ಬದುಕಿಲ್ಲ.

ಹಡ್ರಿಕ್ ಎಂಬುವನು ಸ್ಕಾರ್ನಿನ ಸವರುಗಾರನಾದ ಮೇಲೆ ಆ ಕಲ್ಲು ವರ್ಷ ವರ್ಷವೂ ನಮ್ಮ ಕಡೆಗೇ ಸರಿಯುತ್ತ ಬಂತು. ಮೊದಲು ಗುಡ್ಡದಾಚೆಯ ಸುಟ್ಟ ಗೋಪುರ ಹೋಯಿತು. ಆಮೇಲೆ ಗುಡ್ಡದ ನೆತ್ತಿ ಹೋಯಿತು, ಅದರ ಜೊತೆಗೆ ಇಸ್ಮೆರಾಳ ನಾದಿನಿ ಪೆರೀನಾಳ ಹೊಲವೂ ಹೋಯಿತು. ಹೋದ ವರ್ಷ ಕಲ್ಲು ಬಂದು ಕೂತದ್ದು ಕರಡಿಚಿಲುಮೆಯ ಪಕ್ಕದಲ್ಲೇ. ಬಗ್ಗಿ ಕೊಡ ತುಂಬುವವರ ಬೆನ್ನಿಗೆ ತಾಗುವಷ್ಟು ಹತ್ತಿರ. ಲಾಸ್ಕೆಗೆ ಕುಡಿಯಲು ಇರುವುದು ಅದೊಂದೇ ನೀರು. ದ್ರಾಕ್ಷಾರಸವೇನೋ ಮನೆಮನೆಯ ನೆಲಮಾಳಿಗೆಯಲ್ಲೂ ಬೇಕಾದಷ್ಟಿದೆ. ಆದರೆ ಅದರಲ್ಲಿ ಹಿಟ್ಟು ಕಲಸಲಾಗುತ್ತದೆಯೇ, ಹಾಲು ಬಿಟ್ಟ ಕೂಸಿಗೆ ಕುಡಿಸಲಾಗುತ್ತದೆಯೇ? ಈ ಸಲ ಕಲ್ಲು ಇನ್ನೊಂದು ಮಾರು ಸರಿದರೂ ಚಿಲುಮೆ ಸ್ಕಾರ್ನಿನ ಪಾಲಾಗಿ, ಊರು ಗಂಟುಮೂಟೆ ಕಟ್ಟಬೇಕಾಗಿತ್ತು.

ಇದಕ್ಕೆಲ್ಲ ಕಾರಣ ಇಸ್ಮೆರಾ ಎಂದು ಊರು ತೀರ್ಮಾನಿಸಿಯಾಗಿತ್ತು. ಅವಳು ನಿಧಾನ. ಅಮ್ಮ ಕಲಿಸಿದ ಹಳೇ ಪದ್ಧತಿ ಬಿಡುವವಳಲ್ಲ, ಹೇಳಿದರೆ ಕೇಳುವವಳೂ ಅಲ್ಲ, ಮೇಲಾಗಿ ಬಾಯಿ ಜೋರು. ಬೇರೆ ಯಾರಿಗಾದರೂ ಕೆಲಸ ಒಪ್ಪಿಸೋಣವೆಂದರೆ ಗಡಿಸಾಲಿನ ಬಾಗುಗತ್ತಿಯನ್ನು ಹಿಡಿದವರೇ ಮನಸಾರೆ ಕೊಡಬೇಕು, ಕಿತ್ತುಕೊಳ್ಳುವಂತಿಲ್ಲ. ಚಳಿಗಾಲವಿಡೀ ಒಬ್ಬರಾದ ಮೇಲೊಬ್ಬರು ಅವಳ ಮನೆಗೆ ಹೋಗಿ ಕೇಳಿದರು. ಹೋದವರೆಲ್ಲ ಬೈಸಿಕೊಂಡು ಬಂದರು.

ಗಡಿದೊರೆ ತೆವ್ರನ್ ಕುದುರೆಯ ಮೇಲಿಂದಲೇ ಕೊನೆಯದೊಂದು ಪ್ರಯತ್ನ ಮಾಡಿದ.

"ಇಸ್ಮೆರಮ್ಮ, ಇವತ್ತಾದ್ರೂ ಕೈ ಚುರುಕು ಮಾಡ್ತೀಯಾ?"

"ನನ್ ಕೈ ಚುರುಕಾಗೇ ಇದೆ ದೊರೆ. ನಿಮ್ ಕುದುರೆ ಬಳ್ಳಿ ಮೇಯ್ತಾ ಇದೆ, ಮೊದ್ಲು ಅದ್ರ ಬಾಯಿ ಹಿಡ್ಕೊಳಿ."

ಜನ ನಕ್ಕರು. ತೆವ್ರನ್ ಲಗಾಮು ಎಳೆದುಕೊಂಡ. "ತಮಾಷೆ ಬೇಡ. ಒಂದು ಬಳ್ಳಿ ಮುಂದಕ್ಕೆ ಹೋಗೋದು, ಮತ್ತೆ ಹಿಂದಕ್ಕೆ ಬರೋದು. ಆ ಚಾಳಿ ಬಿಟ್ಬಿಡು ಅಂತಿದೀನಿ. ಚಿಲುಮೆ ಕೈತಪ್ಪಿದ್ರೆ ಊರೆಲ್ಲ ನಿನ್ನ ಹೆಸರು ಹಿಡಿದು ಶಾಪ ಹಾಕುತ್ತೆ."

"ಈಗೇನು ಆರತಿ ಎತ್ತುತ್ತಾ ಇದಾರಾ?"

ಅವಳು ಗಟ್ಟಿಯಾಗಿ ಹೇಳಿದಳು, ನಿಜ. ಆದರೆ ಒಳಗೆ ಅಷ್ಟು ಗಟ್ಟಿಯಿರಲಿಲ್ಲ. ಹಿಂದಿನ ದಿನ ಚಿಲುಮೆಗೆ ಹೋದಾಗ ಪಕ್ಕದ ಮನೆಯ ಹೊಸ ಸೊಸೆ ಇವಳನ್ನು ಕಂಡು ಅರ್ಧ ತುಂಬಿದ ಕೊಡ ಎತ್ತಿಕೊಂಡು, ಮಾತಾಡದೆ ಹೋಗಿಬಿಟ್ಟಿದ್ದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಮೌನ ಇಸ್ಮೆರಾಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ತಾನೇ ತಪ್ಪಿದ್ದರೆ? ಅಮ್ಮನ ಪದ್ಧತಿ ಬರೀ ಅಮ್ಮನ ಹಟವಾಗಿದ್ದರೆ?

ಸವರುವವರ ಜೊತೆ ಗುದ್ದಲಿ ಹಿಡಿದು ಮನೆಯವರೊಬ್ಬರು ಬರಬೇಕು, ಅದೂ ಕಟ್ಟಳೆಯೇ. ಗಂಡ ತೀರಿಹೋದ ಮೇಲೆ ಇಸ್ಮೆರಾಳಿಗೆ ಮನೆಯವರೆಂದರೆ ಗಂಡನ ತಂಗಿ ಪೆರೀನಾ ಒಬ್ಬಳೇ. ಹೊಲ ಹೋದ ದಿನದಿಂದ ಅವಳು ಇವಳನ್ನು ಅತ್ತಿಗೆ ಎಂದು ಕರೆದಿರಲಿಲ್ಲ. ಗುದ್ದಲಿಯನ್ನು ಹೆಗಲಿಗೇರಿಸಿ, ನೀರಿನ ಸೋರೆಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಂಡು, "ನಡೀರಿ ಮಹಾತಾಯಿ. ನನ್ ಹೊಲ ನುಂಗಿದ್ದಾಯ್ತು, ಊರಿನ ನೀರೊಂದು ಬಾಕಿ ಇದೆ, ಅದನ್ನೂ ಮುಗಿಸಿಬಿಡೋಣ" ಎಂದಳು.

"ನಿನ್ ನಾಲಿಗೆಯಷ್ಟೇ ಚೆನ್ನಾಗಿ ಗುದ್ದಲಿನೂ ಆಡಿದ್ರೆ ಸಾಕಮ್ಮ."

ಗುಡ್ಡದ ನೆತ್ತಿಯ ಮೇಲೆ ಓರ್ಗಲ್ ಗಡಿಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಲ್ಲಿಂದ ಅವನಿಗೆ ಎರಡು ಕಡೆಯೂ ಕಾಣುತ್ತದೆ, ಎರಡು ಕಡೆಗೂ ಅವನು ಕಾಣುತ್ತಾನೆ. ಆ ಕಲ್ಲನ್ನು ಎತ್ತುವ ತಾಕತ್ತು ಅವನೊಬ್ಬನಿಗೇ ಇರುವುದು; ಸುಳ್ಳು ಹೇಳಲು ಬಾರದಿರುವುದೂ ಅವನೊಬ್ಬನಿಗೇ. ಬಿಸಿಲು ಕಲ್ಲಿಗೆ ತಾಗಿದ ಕೂಡಲೇ ಅವನು ಒಂದು ಸಲ ಕೈ ತಟ್ಟಿದ. ಎರಡು ಕಣಿವೆಗಳಲ್ಲೂ ಗುಡುಗಿದಂತೆ ಕೇಳಿಸಿತು. ಕೆಲಸ ಶುರುವಾಯಿತು.

ಬಳ್ಳಿ ಸವರುವುದು ನೋಡಲು ಸುಲಭ. ಹೋದ ವರ್ಷ ಬೆಳೆದ ಉದ್ದುದ್ದ ಕೊಂಬೆಗಳನ್ನೆಲ್ಲ ಚಿಗುರೊಡೆಯುವ ಎರಡೆರಡು ಕಣ್ಣು ಬಿಟ್ಟು ಕತ್ತರಿಸಿ ಮುಂದಕ್ಕೆ ಹೋಗುವುದು. ಕತ್ತರಿಸಿದ ಬಾಯಿಂದ ತೊಟ್ಟು ತೊಟ್ಟಾಗಿ ನೀರು ಇಳಿಯುತ್ತದೆ. ಅದಕ್ಕೇ ನಾವು ಬಳ್ಳಿ ಅಳುತ್ತದೆ ಎನ್ನುತ್ತೇವೆ. ಅತ್ತರೆ ಜೀವ ಇದೆ ಎಂದು ಅರ್ಥ. ಎಲೆ ಉದುರಿಸಿ ನಿಂತ ಬಳ್ಳಿ ಸತ್ತಿದೆಯೋ ಬದುಕಿದೆಯೋ ಎನ್ನುವುದನ್ನು ಕತ್ತಿ ಹಾಕದೆ ಹೇಳಲು ಯಾರಿಂದಲೂ ಆಗದು, ಇಸ್ಮೆರಾಳಿಂದಲೂ ಆಗದು. ಹಣ್ಣು ಕೊಯ್ದ ಮೇಲೆ ಈ ದಿನದ ತನಕ ಗಡಿಸಾಲಿಗೆ ಯಾರೂ ಕಾಲಿಡುವಂತಿಲ್ಲವಾದ್ದರಿಂದ ಮೊದಲೇ ನೋಡಿಟ್ಟುಕೊಳ್ಳುವುದೂ ಆಗದು.

ಇಸ್ಮೆರಾ ಎಲ್ಲ ಕೊಂಬೆಗಳನ್ನೂ ಕತ್ತರಿಸಿ, ಒಂದನ್ನು ಮಾತ್ರ ಉದ್ದಕ್ಕೆ ಹಾಗೇ ಬಿಡುತ್ತಿದ್ದಳು. ಮುಂದಿನ ಬಳ್ಳಿಗೆ ಹೋಗಿ ಕತ್ತಿ ಹಾಕಿ, ಅದು ಅಳುವುದನ್ನು ಕಣ್ಣಿಂದ ನೋಡಿ, ಆಮೇಲೆ ಹಿಂದಕ್ಕೆ ಬಂದು ಆ ಒಂದನ್ನೂ ಕತ್ತರಿಸುತ್ತಿದ್ದಳು. ಅದೇ ಕಾವಲುಕೊಂಬೆ. ಹಡ್ರಿಕ್ ಒಂದೇ ಬೀಸಿಗೆ ಬಳ್ಳಿಯನ್ನು ಬೋಳಿಸಿ ಹಿಂದೆ ನೋಡದೆ ಹೋಗುತ್ತಿದ್ದ. ಅವನು ಯಾಕೆ ಗೆಲ್ಲುತ್ತಿದ್ದ ಎಂದು ಬೇರೆ ಹೇಳಬೇಕಾಗಿಲ್ಲ.

"ಮುಂದಕ್ಕೆ ನಡಿಯಮ್ಮೋ!" ಜನರ ನಡುವಿಂದ ಯಾರೋ ಕೂಗಿದರು. "ಬಳ್ಳಿ ಹತ್ರ ಏನ್ ಕ್ಷಮೆ ಕೇಳೋಕೆ ಹಿಂದಕ್ಕೆ ಹೋಗ್ತಾ ಇದೀಯಾ?"

"ಅವಳಿಗೆ ಮರೆವು ಕಣೋ. ಕತ್ತಿ ಬಿಟ್ಟು ಬಂದಿರ್ತಾಳೆ."

ಪೆರೀನಾ ಸುಮ್ಮನಿರುವವಳಲ್ಲ. "ಮಹಾತಾಯಿ, ಒಂದ್ ಮಾತು ಕೇಳ್ಲಾ? ಆ ಕೊಂಬೆ ಬಿಟ್ಟು ಇಷ್ಟು ವರ್ಷ ಏನ್ ಕಾದ್ರಿ? ಏನ್ ಸಿಕ್ತು?"

"ಏನೂ ಸಿಗ್ಲಿಲ್ಲ."

"ಮತ್ಯಾಕೆ?"

"ನಮ್ಮಮ್ಮ ಬಿಡು ಅಂದಿದ್ಲು, ಬಿಡ್ತಾ ಇದೀನಿ. ಗುದ್ದಲಿ ಎತ್ಕೋ, ನಡಿ."

ಗುಡ್ಡದಾಚೆಯಿಂದ ಹಾಡು ತೇಲಿ ಬರುತ್ತಿತ್ತು. ತಮ್ಮವನು ಸವರುವಾಗ ಬಳ್ಳಿಗೊಂದು ಸಾಲಿನಂತೆ ಹಾಡುವುದು ಸ್ಕಾರ್ನಿನವರ ರೂಢಿ. ನಮ್ಮಲ್ಲೂ ಹಾಡಿತ್ತು. ಸೋಲುವವಳಿಗೆ ಯಾರು ಹಾಡುತ್ತಾರೆ ಎಂದು ನಿಂತುಹೋಗಿತ್ತು. ಅವರ ಹಾಡಿನ ಓಟ ಕೇಳಿದರೇ ಸಾಕು, ಹಡ್ರಿಕನ ಕೈ ಎಷ್ಟು ವೇಗವಾಗಿ ಆಡುತ್ತಿದೆಯೆಂದು ತಿಳಿಯುತ್ತಿತ್ತು. ಬಿಸಿಲು ಏರುವ ಹೊತ್ತಿಗೆ ಹಾಡು ಗುಡ್ಡದ ಬುಡಕ್ಕೆ ಬಂದಿತ್ತು. ಇಸ್ಮೆರಾ ಇನ್ನೂ ಕೆಳಗಿನ ಇಳಿಜಾರಿನಲ್ಲೇ ಇದ್ದಳು. ನೋಡುವವರಲ್ಲಿ ಕೆಲವರು ರೊಟ್ಟಿ ಗಂಟು ಬಿಚ್ಚಿ ತಿಂದು ಮುಗಿಸಿ, ಮನೆಗೆ ಹೊರಟೂಬಿಟ್ಟರು.

ಚಿಲುಮೆಗೆ ಇನ್ನೂ ಸ್ವಲ್ಪ ದೂರವಿರುವಾಗ ಇಸ್ಮೆರಾ ಒಂದು ಬಳ್ಳಿಗೆ ಕತ್ತಿ ಹಾಕಿ ಕಾದಳು. ನೀರು ಬರಲಿಲ್ಲ. ಇನ್ನಷ್ಟು ಕೆಳಗೆ ಕತ್ತರಿಸಿದಳು. ಬರಲಿಲ್ಲ. ಬುಡಕ್ಕೇ ಹಾಕಿದಳು. ಒಳಗೆಲ್ಲ ಒಣಗಿ ಕಂದಾಗಿತ್ತು, ಹಳೇ ಪೀಪಾಯಿಯ ಹಲಗೆಯಂತೆ.

"ಅಳ್ತಾ ಇಲ್ಲ" ಎಂದಳು ಇಸ್ಮೆರಾ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

ಎಲ್ಲರಿಗೂ ಒಟ್ಟಿಗೇ ಹಿಮಹಾವು ನೆನಪಾಯಿತು. ಈ ಚಳಿಗಾಲದಲ್ಲಿ ಅದು ಬೆಟ್ಟದಿಂದ ಇಳಿದು ಬಂದು ಕರಡಿಗುಡ್ಡದ ಮೇಲೆ ಸುರುಳಿ ಸುತ್ತಿ ಮಲಗಿತ್ತು. ಅದರ ಉಸಿರು ತಾಗಿ ಹಕ್ಕಿಗಳು ಕೂತ ಕೊಂಬೆಯಲ್ಲೇ ಕಲ್ಲಾಗಿದ್ದವು. ಓರ್ಗಲ್ ಅದರ ಬಾಲ ಹಿಡಿದು ಎಳೆದೊಯ್ದು ಕಣಿವೆಗೆ ಎಸೆದ ಮೇಲೆ ಜನ ಹಬ್ಬ ಮಾಡಿ ಮರೆತೇಬಿಟ್ಟಿದ್ದರು. ದೂರದಿಂದ ನೋಡಿದರೆ ಬಳ್ಳಿಗಳೆಲ್ಲ ಎಂದಿನಂತೆ ನಿಂತಿದ್ದವು. ಗಡಿಸಾಲಿನ ಬಳ್ಳಿ ಸಾಯಬಹುದು ಎನ್ನುವುದೇ ಯಾರ ತಲೆಗೂ ಹೋಗಿರಲಿಲ್ಲ. ಈಗಿರುವವರು ಯಾರೂ ಅಂಥದ್ದನ್ನು ಕಂಡಿರಲಿಲ್ಲ.

ಕಟ್ಟಳೆ ಮಾತ್ರ ಎಲ್ಲರ ಬಾಯಲ್ಲೂ ಇತ್ತು, ಅರ್ಥವಿಲ್ಲದೆ ಒಪ್ಪಿಸುವ ಪಾಠದಂತೆ. ಸತ್ತ ಬಳ್ಳಿಯನ್ನು ದಾಟುವಂತಿಲ್ಲ, ಸುತ್ತಿಹೋಗುವಂತಿಲ್ಲ. ಅದನ್ನು ಕಿತ್ತ ಗುಂಡಿಗೆ ಹಿಂದಿನ ಬಳ್ಳಿಯ ಕೊಂಬೆಯನ್ನೇ ಬಾಗಿಸಿ ಊರಬೇಕು. ಮುಂದಿನ ಬಳ್ಳಿಯನ್ನು ಮುಟ್ಟುವಂತಿಲ್ಲ, ಬೇರೆ ಕಡೆಯಿಂದ ಸಸಿ ತರುವಂತಿಲ್ಲ. ಊರಲು ಕೊಂಬೆ ಇಲ್ಲದಿದ್ದರೆ ಸವರುಗಾರ ಅಲ್ಲೇ ನಿಲ್ಲಬೇಕು.

ಪೆರೀನಾ ಹಿಂದಿನ ಬಳ್ಳಿಯ ಕಡೆ ತಿರುಗಿದಳು. ಬೋಳಾದ ಬುಡದಿಂದ ಒಂದೇ ಒಂದು ಕೊಂಬೆ ಉದ್ದಕ್ಕೆ ಚಾಚಿಕೊಂಡು ಗಾಳಿಗೆ ಆಡುತ್ತಿತ್ತು. ಅವಳು ಅದನ್ನು ನೋಡಿದಳು, ಇಸ್ಮೆರಾಳನ್ನು ನೋಡಿದಳು, ಮತ್ತೆ ಅದನ್ನೇ ನೋಡಿದಳು.

"ಅಯ್ಯಯ್ಯೋ" ಎಂದಳು ಮೆಲ್ಲಗೆ. "ಇದಕ್ಕಾ?"

"ಇದಕ್ಕೇ ಇರ್ಬೇಕು ಕಣೇ" ಎಂದಳು ಇಸ್ಮೆರಾ. ಅವಳಿಗೂ ಅದು ಆಗಲೇ ಗೊತ್ತಾದದ್ದು. ಅಮ್ಮ ಯಾಕೆಂದು ಹೇಳಿರಲಿಲ್ಲ; ಅಮ್ಮನಿಗೂ ಗೊತ್ತಿತ್ತೋ ಇಲ್ಲವೋ. ಸತ್ತ ಅಮ್ಮನ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಕಣ್ಣು ಒರೆಸಿಕೊಳ್ಳಬೇಕಾಯಿತು. "ಏನ್ ನೋಡ್ತಾ ನಿಂತಿದೀಯಾ? ಅಗಿ!"

ಪೆರೀನಾ ಅಗೆದಳು. ಏನೇ ಹೇಳಿ, ಆ ಹೆಂಗಸಿನ ತೋಳಲ್ಲಿ ಎತ್ತಿನ ಶಕ್ತಿ ಇತ್ತು. ಸತ್ತ ಬುಡ ಕಿತ್ತು ಬಂತು, ಹಿಂದಿನ ಬಳ್ಳಿಯ ತನಕ ಕಾಲುವೆ ತೆರೆದುಕೊಂಡಿತು. ಇಸ್ಮೆರಾ ಕಾವಲುಕೊಂಬೆಯನ್ನು ಎರಡು ಕೈಯಲ್ಲೂ ಹಿಡಿದು, ಮಗುವಿನ ಕೈ ತಿರುಗಿಸಿ ಅಂಗಿ ತೊಡಿಸುವಂತೆ ಸ್ವಲ್ಪ ಸ್ವಲ್ಪವೇ ಬಾಗಿಸಿದಳು. ಮುರಿದರೆ ಇನ್ನೊಂದಿಲ್ಲ. ಕೊಂಬೆ ಕಾಲುವೆಯಲ್ಲಿ ಮಲಗಿತು. ಅದರ ತುದಿ ಸತ್ತ ಬಳ್ಳಿ ಇದ್ದ ಜಾಗದಲ್ಲಿ ಎರಡು ಕಣ್ಣು ಬಿಟ್ಟುಕೊಂಡು ಮೇಲೆದ್ದಿತು. ಮಣ್ಣು ಎಳೆದು ತುಳಿದರು. ಅದರ ತುದಿ ಕತ್ತರಿಸಿದಾಗ ಒಂದು ಹನಿ ನೀರು ಮೂಡಿ ಹೊಳೆಯಿತು.

ಓರ್ಗಲ್ ನಾಲ್ಕು ಹೆಜ್ಜೆಗೆ ಗುಡ್ಡ ಇಳಿದು ಬಂದ. ಬಗ್ಗಿ, ತನ್ನ ಒನಕೆಯಂಥ ಬೆರಳಿನಿಂದ ಮಣ್ಣನ್ನು ಒತ್ತಿ ನೋಡಿದ. "ಹ್ಞೂಂ" ಎಂದು, ಬಂದ ದಾರಿಯಲ್ಲೇ ಹಿಂದಿರುಗಿ ಕೂತ. ಅಷ್ಟೇ ಅವನ ಮಾತು.

ಮುಂದೆ ಇನ್ನೊಂದು ಸತ್ತಿತ್ತು. ಇನ್ನೂ ಕೆಲವು ಬಳ್ಳಿಗಳಾದ ಮೇಲೆ ಮತ್ತೊಂದು; ಪುಣ್ಯಕ್ಕೆ ಒಂದರ ಪಕ್ಕದಲ್ಲೇ ಇನ್ನೊಂದು ಸತ್ತಿರಲಿಲ್ಲ. ಹಾವು ಮಲಗಿದ್ದ ಜಾಗ ಹತ್ತಿರವಾದಷ್ಟೂ ಸತ್ತವು ಹೆಚ್ಚಿದವು. ಪೆರೀನಾ ಬೈಯುವುದನ್ನು ಮರೆತು ಅಗೆದಳು. ಇಸ್ಮೆರಾ ಬಾಗಿಸಿ ಊರಿದಳು. ಕೆಲಸ ಇನ್ನೂ ನಿಧಾನವಾಯಿತು. ಆದರೆ ನಿಲ್ಲಲಿಲ್ಲ.

ಅವರು ಚಿಲುಮೆಯ ಪಕ್ಕಕ್ಕೆ ಬಂದಾಗ ಆಚೆಯ ಹಾಡು ನಿಂತಿತು. ಹಾಡಿನ ಸಾಲಿನ ನಡುವೆಯೇ, ಗಂಟಲು ಹಿಡಿದಂತೆ ನಿಂತುಹೋಯಿತು.

ಪೆರೀನಾ ಗುದ್ದಲಿಯ ಮೇಲೆ ಕೈಯೂರಿ ಕಿವಿಗೊಟ್ಟಳು. "ಊಟಕ್ಕೆ ಕೂತಿರ್ಬೇಕು."

"ಹಡ್ರಿಕ್ ಸವರುವಾಗ ಉಣ್ಣೋನಲ್ಲ."

"ಮತ್ತೆ ಹಾಡ್ಯಾಕೆ ನಿಂತ್ಹೋಯ್ತು?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಪೆರೀನಾಳ ಬಾಯಿ ನಿಧಾನವಾಗಿ ತೆರೆದುಕೊಂಡಿತು. ಒಂದೇ ಬೀಸಿಗೆ ಬೋಳಿಸುತ್ತ, ಹಿಂದೆ ನೋಡದೆ ಬಂದವನು. ಅವನ ಹಿಂದಿರುವ ಸಾಲೆಲ್ಲ ಬೋಳು ಬೋಳು. ಊರಲು ಒಂದು ಗೇಣು ಕೊಂಬೆ ಇಲ್ಲ.

"ಅವನ ಕಡೆನೂ ಒಂದು ಸತ್ತಿದೆ!" ಪೆರೀನಾ ಕಿರುಚಿದಳು. ಹಿಂದೆ ಬರುತ್ತಿದ್ದ ಜನಕ್ಕೂ ಅದು ಕೇಳಿತು. "ಸಿಕ್ಕಾಕೊಂಡ ಕಣ್ರೋ! ಹಡ್ರಿಕ್ ಸಿಕ್ಕಾಕೊಂಡ!"

ಕುಣಿಯಲು ಹೊರಟವಳ ಸೆರಗು ಹಿಡಿದು ಇಸ್ಮೆರಾ ಎಳೆದಳು. "ಸುಮ್ನಿರೇ. ಅವನು ನಿಂತಿದಾನೆ, ಸೂರ್ಯ ನಿಂತಿಲ್ಲ. ಬಳ್ಳಿ ಅವನೇ ಜಾಸ್ತಿ ಸವರಿರ್ತಾನೆ. ಹೊತ್ತು ಮುಳುಗೋದ್ರೊಳಗೆ ನಾವು ಅವನ ಮುಂದೆ ಹೋಗಿ ನಿಲ್ದಿದ್ರೆ ಚಿಲುಮೆ ಏನು, ಗುಡ್ಡಾನೇ ಅವರ್ದು."

ನಿಂತ ಜಾಗದಲ್ಲೇ ಕೂತು ಹಡ್ರಿಕ್ ಗೆಲ್ಲಬಹುದಿತ್ತು. ಅದು ಅವನಿಗೂ ಗೊತ್ತಿತ್ತು.

ಆಮೇಲಿನ ಹೊತ್ತನ್ನು ಇಸ್ಮೆರಾ ಎಷ್ಟು ವರ್ಷವಾದರೂ ಮರೆಯಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಬೆನ್ನು ತನ್ನದಲ್ಲವೆಂಬಂತೆ ಮರಗಟ್ಟಿತು. ಹೋದ ವರ್ಷದ ಗಡಿಕಲ್ಲಿದ್ದ ಕುಳಿ ದಾಟಿದ್ದನ್ನು ಅವಳು ಗಮನಿಸಲೂ ಇಲ್ಲ, ಹಿಂದಿನವರು ಕೂಗಿದಾಗಲೇ ಗೊತ್ತಾದದ್ದು. ಮನೆಗೆ ಹೋದವರನ್ನು ಯಾರೋ ಓಡಿಹೋಗಿ ಕರೆತಂದಿದ್ದರು. ಸಾಲಿನೊಳಗೆ ಅವರಿಬ್ಬರನ್ನು ಬಿಟ್ಟು ಬೇರೆಯವರು ಕೈ ಹಾಕುವಂತಿಲ್ಲ. ಹಾಗಾಗಿ ಜನ ತಮ್ಮಿಂದ ಆಗುವುದನ್ನು ಮಾಡಿದರು. ಮೊದಲು ಯಾವುದೋ ಅಜ್ಜಿ ನಡುಗುವ ದನಿಯಲ್ಲಿ ದ್ರಾಕ್ಷಿ ತುಳಿಯುವ ಹಾಡು ಎತ್ತಿಕೊಂಡಳು. ಇನ್ನೊಬ್ಬರು ಸೇರಿದರು. ಬಳ್ಳಿಗೊಂದು ಸಾಲು. ಊರುವಾಗ ಪಲ್ಲವಿಯನ್ನೇ ತಿರುಗಿಸಿ ತಿರುಗಿಸಿ ಹಾಡಿದರು. ಎಷ್ಟೋ ವರ್ಷ ಹಾಡದ ಹಾಡು, ಮಾತು ಮರೆತವರು ಬರೀ ರಾಗ ಎಳೆದರು. ಬೆಳಿಗ್ಗೆ ಗೇಲಿ ಮಾಡಿದವನೇ ಎಲ್ಲರಿಗಿಂತ ಗಟ್ಟಿಯಾಗಿ ಕಿರುಚುತ್ತಿದ್ದ. ನಾಚಿಕೆ ಮುಚ್ಚಿಕೊಳ್ಳಲು ಅದೂ ಒಂದು ದಾರಿಯೇ.

ಗುಡ್ಡದ ನೆತ್ತಿ ಬಂತು. ಸೂರ್ಯ ಎದುರಿನ ಬೆಟ್ಟದಿಂದ ಒಂದು ಮಾರು ಮೇಲಿದ್ದ. ಕೆಳಗೆ ಸುಟ್ಟ ಗೋಪುರ, ಅದರ ಬುಡದಲ್ಲಿ ಗುಂಪು ಗುಂಪಾಗಿ ನಿಂತ ಸ್ಕಾರ್ನಿನವರು. ನಡುವೆ ಇನ್ನೂ ಉದ್ದ ಸಾಲು ಉಳಿದಿತ್ತು.

ಆಗಲಿಲ್ಲ, ಇಷ್ಟು ಆಗುವುದಿಲ್ಲ ಎನಿಸಿತು ಇಸ್ಮೆರಾಳಿಗೆ. ಹಿಂದೆ ಹೋಗಿ ಬರುವುದು ಬಿಟ್ಟರೆ ಮಾತ್ರ ಆದೀತು. ಈಗಷ್ಟೇ ದಾಟಿದ ಹತ್ತಾರು ಬಳ್ಳಿ ಅಳುತ್ತಲೇ ಬಂದಿದ್ದವು. ಹಾವು ಮಲಗಿದ್ದ ಜಾಗ ದಾಟಿಯಾಯಿತು, ಇನ್ನು ಸತ್ತವು ಇರಲಿಕ್ಕಿಲ್ಲ. ಒಂದೇ ಬೀಸು, ಹಡ್ರಿಕನ ಹಾಗೆ. ಅವಳು ಬಳ್ಳಿಯನ್ನು ಬೋಳಿಸುತ್ತ ಬಂದು, ಕಾವಲುಕೊಂಬೆಯ ಬುಡಕ್ಕೂ ಕತ್ತಿ ಎತ್ತಿದಳು.

ಅವಳ ಮಣಿಕಟ್ಟನ್ನು ಮಣ್ಣು ಮೆತ್ತಿದ ಕೈಯೊಂದು ಗಪ್ಪನೆ ಹಿಡಿಯಿತು.

"ಅತ್ತಿಗೆ! ಮುಟ್ಬೇಡಿ!"

"ಬಿಡೇ. ಹೊತ್ತಾಗ್ತಾ ಇದೆ."

"ಹೊತ್ತು ಹಾಳಾಗ್ಲಿ. ಮೊದ್ಲು ಮುಂದಿನ್ದು ಅಳ್ಲಿ. ಇಷ್ಟು ವರ್ಷ ನಾನು ಬೈದಾಗ ಕೇಳ್ಲಿಲ್ಲ, ಊರು ಬೈದಾಗ ಕೇಳ್ಲಿಲ್ಲ, ದೊರೆ ಹೇಳಿದ್ರೂ ಕೇಳ್ಲಿಲ್ಲ. ಈಗ ಯಾರ ಮಾತು ಕೇಳೋಕೆ ಹೊರಟಿದೀರಾ ಅತ್ತಿಗೆ? ನಡೀರಿ, ಕತ್ತಿ ಹಾಕಿ ಮುಂದಿನ್ದಕ್ಕೆ!"

ಇಸ್ಮೆರಾ ಹೋಗಿ ಮುಂದಿನ ಬಳ್ಳಿಗೆ ಕತ್ತಿ ಹಾಕಿದಳು. ಇಬ್ಬರೂ ಬಗ್ಗಿ ನೋಡಿದರು. ಕತ್ತರಿಸಿದ ಬಾಯಿ ಒಣಗಿ ಕಂದಾಗಿತ್ತು.

ಒಂದು ಬೀಸು, ಬರೀ ಒಂದು ಬೀಸು ಬೀಸಿದ್ದರೆ ಎಲ್ಲ ಮುಗಿದುಹೋಗಿರುತ್ತಿತ್ತು. ಅವಳು ನಾದಿನಿಯ ಮುಖವನ್ನು ಎರಡು ಕೈಯಲ್ಲೂ ಹಿಡಿದು ಹಣೆಗೆ ಮುತ್ತಿಟ್ಟಳು. ಪೆರೀನಾಳ ಮುಖವೆಲ್ಲ ಮಣ್ಣಾಯಿತು.

"ಆಮೇಲೆ ಮುದ್ದು ಮಾಡೀರಂತೆ" ಎಂದಳು ಪೆರೀನಾ, ಗುದ್ದಲಿ ಎತ್ತಿಕೊಳ್ಳುತ್ತ. "ಜರುಗಿ, ಅಗೀತೀನಿ."

ಆ ಗುಂಡಿ ಮುಚ್ಚಿ ಇಳಿಜಾರು ಹಿಡಿದರು. ಇಳಿಜಾರಿನಲ್ಲಿ ಕೈ ತಾನೇ ತಾನಾಗಿ ಓಡಿತು. ಹೋಗುವುದು, ಕತ್ತಿ ಹಾಕುವುದು, ಹನಿ ಕಾಣುವುದು, ಹಿಂದೆ ಬರುವುದು, ಕಾವಲು ಕತ್ತರಿಸುವುದು. "ಅತ್ತಿತು!" ಎಂದು ಪೆರೀನಾ ಕೂಗುವಳು, ಹಿಂದಿನ ಜನ ಒಂದು ಸಾಲು ಹಾಡುವರು. ಪೆರೀನಾ ತನ್ನ ಹಳೇ ಹೊಲದ ಪಕ್ಕವೇ ಹಾದುಹೋದರೂ ತಲೆ ತಿರುಗಿಸಿ ನೋಡಲಿಲ್ಲ. ಸೂರ್ಯನ ಕೆಳಗಿನ ಅಂಚು ಬೆಟ್ಟಕ್ಕೆ ತಾಗಿದಾಗ ಇಸ್ಮೆರಾ ತಲೆ ಎತ್ತಿದಳು. ಎದುರಿಗೆ ಹಡ್ರಿಕ್ ಕೂತಿದ್ದ.

ಗಟ್ಟಿಮುಟ್ಟಾದ ಆಳು, ಕೆಂಪು ಗಡ್ಡ. ತೊಡೆಯ ಮೇಲೆ ಕತ್ತಿ ಇಟ್ಟುಕೊಂಡು ನೆಲ ನೋಡುತ್ತಿದ್ದ. ಅವನ ಹಿಂದೆ ಗೋಪುರದ ಆಚೆ ಬದಿಯಿಂದ ಕೋಟೆಯ ತನಕ ಬಳ್ಳಿಗಳು ಸಾಲಾಗಿ, ಅಂದವಾಗಿ, ಮೊಟಕಾಗಿ ನಿಂತಿದ್ದವು. ಒಂದರಲ್ಲೂ ಉದ್ದದ ಕೊಂಬೆ ಇರಲಿಲ್ಲ. ಅವನ ಮುಂದೆ ಒಂದೇ ಒಂದು ಸತ್ತ ಬಳ್ಳಿ. ಅದರ ಈಚೆಗೆ ಇಸ್ಮೆರಾ.

"ಬಂದ್ಯಾ ಅಕ್ಕ" ಎಂದ.

"ಬಂದೆ ಕಣಪ್ಪ. ನಿಧಾನಕ್ಕೆ ಬಂದೆ."

"ಒಂದೇ ಒಂದು ಸತ್ತಿದ್ದು ನಂಗೆ. ಆ ದರಿದ್ರ ಹಾವು ಇಲ್ಲಿಗೂ ಬಾಲ ಚಾಚಿದ್ರೆ ನಾನೇನ್ ಮಾಡ್ಲಿ?"

"ನನ್ ಕಡೆ ಮೈಯೆಲ್ಲ ಚಾಚಿತ್ತು."

ಹಡ್ರಿಕ್ ಅವಳ ಹಿಂದಿನ ಸಾಲನ್ನು ನೋಡಿದ. ಹೊಸದಾಗಿ ಊರಿದ ಕೊಂಬೆಗಳು ಅಲ್ಲಲ್ಲಿ ಎರಡೆರಡು ಕಣ್ಣು ಬಿಟ್ಟುಕೊಂಡು ಮಣ್ಣಿನಿಂದ ಇಣುಕುತ್ತಿದ್ದವು. ಕೊನೆಯ ಬಳ್ಳಿಯಲ್ಲಿ ಕಾವಲುಕೊಂಬೆ ಇನ್ನೂ ಇತ್ತು. "ನಮ್ಮಜ್ಜಿನೂ ಒಂದು ಬಿಡ್ತಿದ್ಲು" ಎಂದ ಮೆಲ್ಲಗೆ. "ನಾವೆಲ್ಲ ನಗ್ತಿದ್ವಿ."

ನಮ್ಮವರೂ ನಗುತ್ತಿದ್ದರು ಎಂದು ಇಸ್ಮೆರಾ ಹೇಳಲಿಲ್ಲ. ಅವರೆಲ್ಲ ಹಿಂದೆಯೇ ನಿಂತು ಕೇಳಿಸಿಕೊಳ್ಳುತ್ತಿದ್ದರು, ಅಷ್ಟು ಸಾಕಾಗಿತ್ತು. ಅವಳು ಮಂಡಿಯೂರಿದಳು. ಪೆರೀನಾ ಹಡ್ರಿಕನ ಕಾಲ ಬುಡದಲ್ಲೇ ಗುದ್ದಲಿ ಹಾಕಿದಳು. "ಕಾಲು ತೆಗಿಯಪ್ಪ, ತಾಗೀತು" ಎಂದು ಬಲು ವಿನಯದಿಂದ ಹೇಳಿದಳು. ಸತ್ತ ಬುಡ ಎದ್ದು ಬಂತು. ಕಾವಲುಕೊಂಬೆ ಬಾಗಿ, ಮಣ್ಣಿನೊಳಗೆ ಹೊಕ್ಕು, ಹಡ್ರಿಕನ ಮೂಗಿನ ನೇರಕ್ಕೆ ಮೇಲೆದ್ದಿತು. ಇಸ್ಮೆರಾ ತುದಿ ಕತ್ತರಿಸಿದಳು. ಹನಿ ಮೂಡಲು ತಡವಾಯಿತು. ಬೆಟ್ಟದ ಮೇಲೆ ಸೂರ್ಯನ ಒಂದು ಎಳೆ ಮಾತ್ರ ಉಳಿದಿತ್ತು. ಎರಡು ದೇಶದ ಜನ ಒಂದು ಬಳ್ಳಿಯ ತುದಿಯನ್ನೇ ನೋಡುತ್ತ ನಿಂತಿದ್ದರು.

ಹನಿ ಮೂಡಿತು. ಕೆಂಪು ಬೆಳಕು ಅದರಲ್ಲಿ ಹೊಳೆದು ಕೆಳಗೆ ಜಾರಿತು.

ಓರ್ಗಲ್ ಬಂದು ಬೆರಳಿನಿಂದ ಮಣ್ಣು ಒತ್ತಿದ. ಈ ಸಲ "ಹ್ಞೂಂ" ಎಂದು ಸುಮ್ಮನಾಗಲಿಲ್ಲ. "ಚೆನ್ನಾಗಿದೆ" ಎಂದ. ಆಮೇಲೆ ಗಡಿಕಲ್ಲನ್ನು ಎತ್ತಿ, ಹೊಸ ಬಳ್ಳಿಯ ಆಚೆಗೆ, ಸುಟ್ಟ ಗೋಪುರದ ಆಚೆಗೆ, ಧೊಪ್ಪನೆ ಇಟ್ಟ. ನೆಲ ನಡುಗಿತು. ಹಡ್ರಿಕ್ ಎದ್ದು, ಬಗ್ಗಿ ಇಸ್ಮೆರಾಳ ಕತ್ತಿಯನ್ನು ಮುಟ್ಟಿ ಹಣೆಗೆ ಒತ್ತಿಕೊಂಡು, ತನ್ನ ಜನರ ಕಡೆ ಹೋದ.

ನಮ್ಮವರ ಕೂಗು ಆಗ ಎದ್ದಿತು ನೋಡಿ! ಗೋಪುರದೊಳಗಿನ ಬಾವಲಿಗಳೆಲ್ಲ ಹಾರಿಹೋದವು. ಟೋಪಿಗಳು ಹಾರಿದವು, ಒಂದಿಬ್ಬರು ಅತ್ತೂಬಿಟ್ಟರು. ಪೆರೀನಾ ತನ್ನ ಹೊಲಕ್ಕೆ ಓಡಿಹೋಗಿ, ಒಂದು ಹೆಂಟೆ ಮಣ್ಣು ತಂದು ಎಲ್ಲರಿಗೂ ತೋರಿಸುತ್ತ, ಅವರು ಮಣ್ಣನ್ನೇ ಕಂಡಿಲ್ಲವೇನೋ ಎಂಬಂತೆ, "ನಂದು! ನಂದು ಕಣ್ರೋ!" ಎಂದು ಕೂಗುತ್ತಿದ್ದಳು. ಇಸ್ಮೆರಾಳನ್ನು ಹೆಗಲ ಮೇಲೆ ಎತ್ತಲು ಬಂದವರಿಗೆಲ್ಲ ಅವಳು ಗದರಿದಳು. ಅವರು ಕೇಳಲಿಲ್ಲ. ಎತ್ತಿಯೇ ಎತ್ತಿದರು.

ಗಡಿದೊರೆ ತೆವ್ರನ್ ಈ ಸಲ ಕುದುರೆಯಿಂದ ಇಳಿದು ಬಂದ. ಬೆಳ್ಳಿ ಕಟ್ಟಿದ ಕೊಂಬಿನಲ್ಲಿ ಅರಮನೆಯ ನೆಲಮಾಳಿಗೆಯ ಅತಿ ಹಳೆಯ ದ್ರಾಕ್ಷಾರಸ ತುಂಬಿಸಿ, ಎರಡು ಕೈಯಲ್ಲೂ ಹಿಡಿದು ನೀಡಿದ. "ಕುಡಿ ತಾಯಿ. ನನ್ ಅಜ್ಜನ ಕಾಲದ್ದು. ಗೆದ್ದವರಿಗೆ ಅಂತ ಇಟ್ಟಿದ್ದು, ಕೊಡೋ ಭಾಗ್ಯ ನಮ್ಮಪ್ಪನಿಗೂ ಬಂದಿರ್ಲಿಲ್ಲ."

ಇಸ್ಮೆರಾ ಜನರ ಹೆಗಲ ಮೇಲಿಂದ ಅದನ್ನು ನೋಡಿದಳು. "ಅದು ಆಮೇಲೆ ದೊರೆ. ಬಾಯಿ ಒಣಗಿ ಹೋಗಿದೆ. ಒಂದಿಷ್ಟು ನೀರು ಕೊಡ್ಸಿ."

ಪಕ್ಕದ ಮನೆಯ ಹೊಸ ಸೊಸೆ ಗುಂಪಿನಿಂದ ಹೊರಬಂದು, ಪೆರೀನಾಳ ಸೊಂಟದಲ್ಲಿದ್ದ ಬರಿದಾದ ಸೋರೆಬುರುಡೆಯನ್ನು ಬಿಚ್ಚಿಕೊಂಡು, ಲಂಗ ಎತ್ತಿಕಟ್ಟಿ ಗುಡ್ಡದ ಕಡೆಗೆ ಓಡಿದಳು. ಅವಳು ಕರಡಿಚಿಲುಮೆಗೆ ಹೋಗಿ ಬರುವ ತನಕ ಜನ ಕಾದರು. ದೊರೆಯೂ ಕೊಂಬು ಹಿಡಿದು ಕಾದ.

ಅವಳು ಏದುಸಿರು ಬಿಡುತ್ತ ಬಂದು ಬುರುಡೆಯನ್ನು ಎತ್ತಿ ಹಿಡಿದಳು. "ತಗೊಳಿ ಅಮ್ಮ. ನಮ್ಮ ನೀರು."

ಇಸ್ಮೆರಾ ಗಟಗಟ ಕುಡಿದಳು. ಗದ್ದದಿಂದ ಇಳಿದು ಎದೆಯೆಲ್ಲ ಒದ್ದೆಯಾಯಿತು. ಅರ್ಧ ಉಳಿಸಿ, ಹೆಗಲಿಂದ ಕೆಳಗಿಳಿದು, ಗಡಿಕಲ್ಲಿನ ಪಕ್ಕ ಆಗಷ್ಟೇ ಊರಿದ ಕೊಂಬೆಯ ಬುಡಕ್ಕೆ ಉಳಿದದ್ದನ್ನು ಸುರಿದಳು.

"ಅಯ್ಯೋ ಅತ್ತಿಗೆ, ಆ ಹುಡುಗಿ ಅಷ್ಟು ದೂರದಿಂದ ಓಡಿ ತಂದಿದ್ದು ನಿಮಗೆ!" ಎಂದಳು ಪೆರೀನಾ.

"ಅದಕ್ಕೂ ಬಾಯಾರಿರುತ್ತೆ ಕಣೇ" ಎಂದಳು ಇಸ್ಮೆರಾ. "ದಿನವೆಲ್ಲ ದುಡಿದಿದೆ."